‘ಎಲ್ಲರೂ’ ಎಂಬ ವಿಳಾಸ

ಪಟ್ಟಿಗೆ ಒಂದು ಹೆಸರು ಸೇರಿಸುವುದಕ್ಕೆ ಅರ್ಧ ನಿಮಿಷ ಸಾಕು. ಅದೇ ಹೆಸರನ್ನು ತೆಗೆಯುವುದಕ್ಕೆ ಬೇಕಾಗುವ ಧೈರ್ಯ ಮಾತ್ರ ಎಷ್ಟು ವರ್ಷ ಕಾದರೂ ಒದಗಿ ಬರುವುದಿಲ್ಲ. ಈ ತತ್ವವನ್ನು ನಾನು ಕಲಿತದ್ದು ನಮ್ಮ ಅತ್ತೆಯ ನೋಟುಬುಕ್ಕಿನಿಂದ. ಮನೆಯಲ್ಲಿ ಯಾವ ಕಾರ್ಯವಾದರೂ ಯಾರ್‍ಯಾರಿಗೆ ಹೇಳಬೇಕು ಎನ್ನುವುದು ಆ ಉದ್ದನೆಯ ಬುಕ್ಕಿನಲ್ಲಿ ಊರುವಾರು ಇದೆ. ಕಂಪ್ಲಿ, ಎಮ್ಮಿಗನೂರು, ಸಂಡೂರು, ಮಲಪನಗುಡಿ, ಹೀಗೆ. ಅದರಲ್ಲಿರುವವರ ಪೈಕಿ ಎಷ್ಟೋ ಜನ ಈಗ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಓದಿದ ಸೊಸೆ ಎಂದು ತೋರಿಸಿಕೊಳ್ಳುವ ಉಮೇದಿನಿಂದ, ನಾನು ಕೆಂಪು ಪೆನ್ನು ಹಿಡಿದು ತೀರಿಕೊಂಡವರ ಹೆಸರಿಗೆ ಗೆರೆ ಎಳೆಯಲು ಕೂತೆ. ಎರಡನೆಯ ಹೆಸರಿಗೇ ಅತ್ತೆ ಪೆನ್ನು ಕಿತ್ತುಕೊಂಡರು. “ಹೆಸರು ಹೊಡಿಬಾರ್ದವಾ. ಆತ ಹೋದ್ರ ಮನಿ ಹೋತೇನು? ಕೆಳಗ ಈಗ ಯಾರದಾರ, ಅವರ್ದು ಬರಿ” ಎಂದರು. ಆ ಬುಕ್ಕಿನಲ್ಲಿ ಈಗಲೂ ಒಂದೊಂದು ಹೆಸರಿನ ಕೆಳಗೆ ಮೂರು ತಲೆಮಾರು ಜೋತುಬಿದ್ದಿದೆ.

ನನಗೆ ಈ ಬುದ್ಧಿ ಮೊದಲೇ ಇರಬೇಕಿತ್ತು. ಯೂನಿವರ್ಸಿಟಿಯಲ್ಲಿ ನಾನು ಎರಡು ವರ್ಷ ಓದಿದ್ದೇ ಶಾಸನಗಳನ್ನು. ದಾನ ಕೊಟ್ಟವರ ಹೆಸರು, ತೆಗೆದುಕೊಂಡವರ ಹೆಸರು, ಸಾಕ್ಷಿಗಳ ಹೆಸರು, ಕೊನೆಯಲ್ಲಿ ಇದನ್ನು ಅಳಿಸಿದವರಿಗೆ ತಟ್ಟುವ ಪಾಪಗಳ ವಿವರ. ಹಂಪಿಯ ಬಿಸಿಲಿನಲ್ಲಿ ಕಲ್ಲಿಗೆ ನೀರು ಚಿಮುಕಿಸಿ ಅಕ್ಷರ ಓದುತ್ತಿದ್ದ ಆ ದಿನಗಳಲ್ಲಿ, ಮುಂದೊಂದು ದಿನ ಹೆಸರು ಅಳಿಸುವುದೇ ನನ್ನ ಹೊಟ್ಟೆಪಾಡಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಆ ಪಾಪಗಳ ವಿವರವನ್ನು ಇನ್ನಷ್ಟು ಗಮನವಿಟ್ಟು ಓದುತ್ತಿದ್ದೆ.

ಸಂಡೂರಿನ ಹತ್ತಿರ ಅದಿರು ತೆಗೆಯುವ ಒಂದು ಕಂಪನಿ ನಮ್ಮದು. ನಾನು ಅಲ್ಲಿ ಸೇರಿದ್ದು ಗ್ರಂಥಾಲಯ ನೋಡಿಕೊಳ್ಳಲು. ಸಿಬ್ಬಂದಿಗೆಂದು ಎರಡು ಬೀರು ಪುಸ್ತಕ ಇಟ್ಟಿದ್ದರು. ಓದುವವರಿಗಿಂತ ಮಧ್ಯಾಹ್ನ ಫ್ಯಾನಿನ ಕೆಳಗೆ ನಿದ್ದೆ ಮಾಡುವವರೇ ಹೆಚ್ಚಾಗಿ ಬರುತ್ತಾರೆಂದು ಗೊತ್ತಾದ ಮೇಲೆ ಗ್ರಂಥಾಲಯ ಮುಚ್ಚಿ, ಫ್ಯಾನನ್ನು ಸ್ಟೋರಿಗೂ ನನ್ನನ್ನು ಕಂಪ್ಯೂಟರ್ ವಿಭಾಗಕ್ಕೂ ಕಳಿಸಿದರು. ಅಲ್ಲಿ ನನಗೆ ಕೊಟ್ಟ ಕೆಲಸ ಮೇಲ್ ಪಟ್ಟಿಗಳದ್ದು. ಅಂದರೆ, ನೂರಾರು ಜನರಿಗೆ ಒಂದೇ ಸುದ್ದಿ ಕಳಿಸಬೇಕಾದಾಗ ಒಬ್ಬೊಬ್ಬರ ವಿಳಾಸ ಬರೆಯುತ್ತ ಕೂರಲಾಗುವುದಿಲ್ಲವಲ್ಲ, ಅವರನ್ನೆಲ್ಲ ಒಂದು ಗುಂಪು ಮಾಡಿ ಗುಂಪಿಗೇ ಒಂದು ವಿಳಾಸ ಕೊಡುವುದು. ಆ ಒಂದು ವಿಳಾಸಕ್ಕೆ ಬರೆದರೆ ಎಲ್ಲರಿಗೂ ಹೋಗುತ್ತದೆ. ಯಾರು ಬಂದರು, ಯಾರು ಹೋದರು, ಯಾರು ಗಣಿಯಿಂದ ಕಚೇರಿಗೆ ಬದಲಾದರು ಎಂದು ನೋಡಿಕೊಂಡು ಹೆಸರು ಸೇರಿಸುತ್ತ ತೆಗೆಯುತ್ತ ಇರುವುದು ನನ್ನ ಪಾಲು. ನಮ್ಮ ಓಣಿಯಲ್ಲಿ ಬಹಳ ದಿನ ನಾನು ಅಂಚೆ ಕಚೇರಿಯಲ್ಲಿದ್ದೇನೆ ಎಂದೇ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಈ ಕೆಲಸ ಕೇಳುವುದಕ್ಕೆ ಸುಲಭ. ಆದರೆ ಗುಂಪುಗಳೊಳಗೆ ಗುಂಪುಗಳಿರುತ್ತವೆ. ದೊಡ್ಡ ಗುಂಪಿಗೆ ಕಚೇರಿಯಲ್ಲಿ ಎಲ್ಲರೂ ಹೇಳುವ ಹೆಸರೇ ‘ಎಲ್ಲರೂ’. ಅದರೊಳಗೆ ಗಣಿಯ ಗುಂಪು, ಅದರೊಳಗೆ ಬಸ್ಸಿನಲ್ಲಿ ಬರುವವರ ಗುಂಪು, ಅದರೊಳಗೆ ಕ್ಯಾಂಟೀನ್ ಕಮಿಟಿ. ನಮ್ಮ ಕಡೆಯ ನೆಂಟಸ್ತನದ ಹಾಗೆ. ನನ್ನ ಯಜಮಾನರ ಅಕ್ಕ ನನಗೆ ಅತ್ತಿಗೆಯೂ ಹೌದು, ಸೋದರಮಾವನ ಹೆಂಡತಿಯೂ ಹೌದು. ಆದ್ದರಿಂದ ಆಕೆಯ ಮನೆಯ ಒಂದು ಕಾರ್ಯಕ್ಕೆ ನಮಗೆ ಎರಡು ಕಡೆಯಿಂದ ಕರೆ ಬರುತ್ತದೆ, ಎರಡು ಸಲ ಮುನಿಸೂ ಬರುತ್ತದೆ. ಪಟ್ಟಿಯಲ್ಲೂ ಹಾಗೇ. ಸ್ಟೋರಿನ ಒಬ್ಬರಿಗೆ ಪ್ರತಿಯೊಂದು ಮೇಲೂ ಮೂರು ಸಲ ಹೋಗುತ್ತಿತ್ತು. ಅವರು ಅದನ್ನು ತಮಗೆ ಕೊಡುವ ವಿಶೇಷ ಮರ್ಯಾದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ನಾನು ಅದನ್ನು ಸರಿಪಡಿಸಿದ ದಿನ, ತಮ್ಮಿಂದ ಏನು ತಪ್ಪಾಯಿತು ಎಂದು ಕೇಳಿಕೊಂಡು ಬಂದರು. ಇನ್ನು ಹೆಸರುಗಳ ಸಾಲು. ಕಂಪ್ಯೂಟರು ಅಕ್ಷರದ ಕ್ರಮದಲ್ಲಿ ಹೆಸರು ಜೋಡಿಸುತ್ತದೆ. ಅದಕ್ಕೆ ದೊಡ್ಡವರು ಚಿಕ್ಕವರು ಗೊತ್ತಿಲ್ಲ. ಒಬ್ಬ ಹಿರಿಯ ಅಧಿಕಾರಿ ಪಟ್ಟಿಯನ್ನು ಪ್ರಿಂಟು ತೆಗೆಸಿ ನೋಡಿ, ತಮ್ಮ ಹೆಸರು ಗಾರ್ಡನ್ ಸೂಪರ್‌ವೈಸರನ ಕೆಳಗೆ ಇರುವುದನ್ನು ಕಂಡು, ಒಂದು ವಾರ ನನ್ನ ನಮಸ್ಕಾರಕ್ಕೆ ತಲೆ ಆಡಿಸಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ನಮ್ಮ ವಿಭಾಗಕ್ಕೆ ಹೊಸ ಸಾಹೇಬರು ಬಂದರು. ಮೃದುವಾಗಿ ಮಾತಾಡುವ ಮನುಷ್ಯ. ಬಂದ ಮೂರನೆಯ ದಿನ ನನ್ನನ್ನು ಕರೆದು, “ಮೇಡಂ, ನಿಮ್ಮ ‘ಎಲ್ಲರೂ’ ಪಟ್ಟಿಯಲ್ಲಿ ಈಗ ಇಲ್ಲದವರು ಎಷ್ಟು ಜನ ಇದ್ದಾರೆ?” ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ನೋಡುವ ಅಗತ್ಯ ಇರಲಿಲ್ಲ. ‘ಎಲ್ಲರೂ’ಗೆ ಒಂದು ಮೇಲ್ ಹೋದ ಕೂಡಲೇ, ವಿಳಾಸ ಸಿಗಲಿಲ್ಲ ಎಂದು ಹತ್ತಾರು ಪತ್ರಗಳು ನನ್ನ ಪೆಟ್ಟಿಗೆಗೆ ವಾಪಸ್ಸು ಬರುತ್ತಿದ್ದವು. ನಿವೃತ್ತರಾದವರು, ಬೇರೆ ಕಂಪನಿಗೆ ಹೋದವರು, ಇಬ್ಬರು ತೀರಿಕೊಂಡವರು. ಆ ವಾಪಸ್ಸು ಪತ್ರಗಳನ್ನೆಲ್ಲ ನಾನು ಒಂದು ಕಡೆ ತಾನಾಗಿ ಹೋಗಿ ಬೀಳುವಂತೆ ಮಾಡಿ, ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಶನಿವಾರದೊಳಗೆ ಪಟ್ಟಿ ಸ್ವಚ್ಛವಾಗಬೇಕು, ಹೊರಗಿನವರ ಒಂದು ಹೆಸರೂ ಉಳಿಯಬಾರದು, ಮುಂದಿನ ವಾರ ಆಡಿಟ್‌ನವರು ಬರುತ್ತಾರೆ ಎಂದು ಸಾಹೇಬರು ಹೇಳಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಿಬ್ಬಂದಿ ವಿಭಾಗಕ್ಕೆ ಹೋಗಿ ಈಗ ಇರುವವರ ಪಟ್ಟಿ ತಂದು ತಾಳೆ ನೋಡಬೇಕಿತ್ತು. ಆ ವಿಭಾಗ ಎರಡನೆಯ ಮಹಡಿಯಲ್ಲಿದೆ, ನನಗೆ ಮೊಣಕಾಲು ನೋವು. ಕೂತಲ್ಲೇ ‘ಎಲ್ಲರೂ’ಗೆ ಒಂದು ಮೇಲ್ ಕಳಿಸಿದೆ: ಈಗ ಕಂಪನಿಯಲ್ಲಿ ಇಲ್ಲದವರು ದಯವಿಟ್ಟು ಈ ಪತ್ರಕ್ಕೆ ಉತ್ತರಿಸಿ ತಿಳಿಸಬೇಕು. ಕಳಿಸಿದ ಮೇಲೆ ಓದಿಕೊಂಡೆ. ಇಲ್ಲದವರು ಕೈ ಎತ್ತಿ ಎಂದು ತರಗತಿಯಲ್ಲಿ ಕೇಳಿದ ಮೇಷ್ಟ್ರ ಹಾಗಿತ್ತು. ಆದರೂ ಏನು ಮಹಾ ಆಗುತ್ತದೆ ಎಂದು ಚಹಾ ಕುಡಿಯಲು ಹೋದೆ.

ನಮ್ಮ ಸೀಮೆಯಲ್ಲಿ ಕೇಳಿದ ಮಾತಿಗೆ ಉತ್ತರ ಕೊಡದೆ ಇರುವುದು ಸಣ್ಣ ಅಪರಾಧವಲ್ಲ. ಬಾಗಿಲಲ್ಲಿ ನಿಂತು, ಒಳಗೆ ಯಾರಿದ್ದೀರಿ ಎಂದು ಕೂಗಿದರೆ ಅಡುಗೆಮನೆಯಿಂದ ಹಿತ್ತಿಲ ತನಕ ಇದ್ದವರೆಲ್ಲ ಓಗೊಡುತ್ತಾರೆ. ಚಹಾ ಕುಡಿದು ಬರುವುದರೊಳಗೆ ಕ್ಯಾಂಟೀನ್ ಮ್ಯಾನೇಜರು, ನಾನು ಇದ್ದೇನೆ ಮೇಡಂ ಎಂದು ಬರೆದಿದ್ದರು. ನನಗೊಬ್ಬಳಿಗೇ ಬರೆಯುವ ಬದಲು ಎಲ್ಲರಿಗೂ ಬರೆದಿದ್ದರು. ಅದನ್ನು ನೋಡಿ ಸ್ಟೋರಿನವರು, ನಾನೂ ಇದ್ದೇನೆ ಎಂದು ಎಲ್ಲರಿಗೂ ಬರೆದರು. ಆಮೇಲೆ ಸುಮ್ಮನಿದ್ದವರಿಗೆ ಭಯವಾಯಿತು. ಇದ್ದೇನೆ ಎಂದು ಹೇಳದಿದ್ದರೆ ಇಲ್ಲ ಎಂದು ಬರೆದುಕೊಂಡುಬಿಟ್ಟರೆ? ಗಣಿಯಿಂದ, ಗ್ಯಾರೇಜಿನಿಂದ, ಲ್ಯಾಬಿನಿಂದ ‘ಇದ್ದೇನೆ’ಗಳು ಬರತೊಡಗಿದವು. ಒಂದು ವಿಭಾಗದವರು, ನಮ್ಮ ಹನ್ನೊಂದೂ ಜನ ಇದ್ದಾರೆ, ಒಬ್ಬರು ಮಾತ್ರ ಹಲ್ಲು ತೋರಿಸಲು ಹೋಗಿದ್ದಾರೆ ಎಂದು ಬರೆದರು. ಯಾರೋ ಒಬ್ಬರು, ದಯವಿಟ್ಟು ಯಾರೂ ಎಲ್ಲರಿಗೂ ಉತ್ತರಿಸಬೇಡಿ ಎಂದು ಎಲ್ಲರಿಗೂ ಬರೆದರು. ಇದು ಸರಿಯಾದ ಮಾತು ಎಂದು ಇನ್ನೂ ಮೂವತ್ತು ಜನ ಎಲ್ಲರಿಗೂ ಬರೆದರು. ಅಕ್ಕನ ಮನೆಗೆಂದು ಕಂಪ್ಲಿಗೆ ಹೋಗಿದ್ದ ಒಬ್ಬ ಇಂಜಿನಿಯರು ರಜೆಯ ಉತ್ತರ ತಾನಾಗಿಯೇ ಹೋಗುವಂತೆ ಇಟ್ಟುಹೋಗಿದ್ದರು. ಇದ್ದವರೆಲ್ಲ ಇದ್ದೇವೆ ಎಂದು ಕೂಗುತ್ತಿದ್ದ ಆ ಸಂತೆಯಲ್ಲಿ ಅವರೊಬ್ಬರೇ ಪ್ರತಿಯೊಬ್ಬರಿಗೂ, ನಾನು ಇಲ್ಲ, ನಾನು ಇಲ್ಲ ಎಂದು ಹೇಳುತ್ತಿದ್ದರು. ಕೊನೆಗೆ ಲ್ಯಾಬಿನ ಒಬ್ಬರು, ತಾವೆಲ್ಲರೂ ಇದ್ದೀರಿ ಎಂದು ತಿಳಿದು ಸಂತೋಷವಾಯಿತು, ಬರುವ ಗುರುವಾರ ನಮ್ಮ ಗೃಹಪ್ರವೇಶ, ತಪ್ಪದೆ ಬರಬೇಕು ಎಂದು ಬರೆದರು. ಅದಕ್ಕೆ ಶುಭಾಶಯಗಳು ಬರತೊಡಗಿದ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ, ಮೇಲ್ ಸಾಗಿಸುವ ಸರ್ವರು ಉಸಿರು ನಿಲ್ಲಿಸಿತು.

ಅಷ್ಟು ಪತ್ರಗಳಲ್ಲಿ ನಾನು ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟವರು ಒಬ್ಬರೇ. ಅದೂ ನನಗೊಬ್ಬಳಿಗೇ ಬರೆದಿದ್ದರು. “ಮೇಡಮ್ಮಾರ, ನಾ ಕಂಪನಿಯಾಗ ಇಲ್ಲ. ಆದ್ರ ಇದೀನಿ. ಹೆಸರು ತೆಗೀಬ್ಯಾಡ್ರಿ. ಇಂತಿ ಕೊಟ್ರಪ್ಪ, ಪಾಪಿನಾಯಕನಹಳ್ಳಿ.”

ಕೊಟ್ರಪ್ಪಣ್ಣ ನಮ್ಮ ವೇಬ್ರಿಡ್ಜಿನಲ್ಲಿ ಇದ್ದವರು. ಅದಿರು ತುಂಬಿದ ಲಾರಿ ತೂಕದ ಕಟ್ಟೆಯ ಮೇಲೆ ನಿಂತರೆ ತೂಕವನ್ನು ಎರಡು ಸಲ ಕೂಗಿ ಹೇಳುವುದು ಅವರ ಪದ್ಧತಿ. ಒಂದು ಸಲ ಹೇಳಿದ್ದು ಗಾಳಿಗೆ ಹೋಗುತ್ತದೆ, ಎರಡನೆಯದು ಕಿವಿಗೆ ಹೋಗುತ್ತದೆ ಎನ್ನುತ್ತಿದ್ದರು. ಅಲ್ಲಿ ಅವರಿಗೆ ಕಂಪ್ಯೂಟರು ಕೊಟ್ಟಿರಲಿಲ್ಲವಾದ್ದರಿಂದ ಪಟ್ಟಿಗೆ ಅವರ ಸ್ವಂತ ಫೋನಿನ ಮೇಲ್ ವಿಳಾಸ ಹಾಕಿದ್ದೆವು. ನಿವೃತ್ತರಾಗಿ ಮೂರು ವರ್ಷವಾದರೂ ಅವರ ಹೆಸರು ಪಟ್ಟಿಯಲ್ಲಿ ಹಾಗೇ ಇತ್ತು, ಮೇಲುಗಳೂ ಹೋಗುತ್ತಿದ್ದವು. ಕ್ಯಾಂಟೀನಿನಲ್ಲಿ ಇವತ್ತು ಏನು, ಯಾವ ಗೇಟು ಬಂದ್, ಬಸ್ಸು ಎಷ್ಟಕ್ಕೆ, ಎಲ್ಲ ಅವರಿಗೆ ಗೊತ್ತು. ಒಮ್ಮೊಮ್ಮೆ ಫೋನ್ ಮಾಡಿ, ನಾಳೆ ರಜೆ ಅಂತ ಬಂದಿದೆ, ಅದು ಎಲ್ಲಾ ಶಿಫ್ಟಿಗೋ ಬರೀ ಆಫೀಸಿಗೋ ಎಂದು ವಿಚಾರಿಸುತ್ತಿದ್ದರು. ನಿವೃತ್ತರಿಗೆ ರಜೆಯ ಚಿಂತೆ ಏಕೆ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಪಾಪ, ನೌಕರಿಯ ರುಚಿ ಇನ್ನೂ ಬಿಟ್ಟಿಲ್ಲ ಎಂದುಕೊಳ್ಳುತ್ತಿದ್ದೆ. ಅವರ ಹೆಸರನ್ನು ನಾನು ಬೇಕೆಂದೇ, ಒಂದು ಕರುಣೆಯಿಂದ, ಉಳಿಸಿಕೊಂಡಿದ್ದೇನೆ ಎಂದು ಮನೆಯಲ್ಲಿ ಎರಡು ಮೂರು ಸಲ ಹೇಳಿದ್ದೂ ಉಂಟು.

ಶನಿವಾರ ಬಂತು. ಉಳಿದವರನ್ನು ತೆಗೆಯಲು ಕಷ್ಟವಾಗಲಿಲ್ಲ. ತೀರಿಕೊಂಡ ಇಬ್ಬರ ಹೆಸರು ತೆಗೆಯುವಾಗ ಮಾತ್ರ ಅತ್ತೆ ಹಿಂದೆ ನಿಂತಿದ್ದಾರೇನೋ ಎನ್ನಿಸಿ ಒಮ್ಮೆ ತಿರುಗಿ ನೋಡಿದೆ. ಕೊಟ್ರಪ್ಪಣ್ಣನ ಹೆಸರಿಗೆ ಬಂದಾಗ ಬೆರಳು ನಿಂತಿತು. ಒಂದು ಫೋನ್ ಮಾಡಿ ಹೇಳಿ ತೆಗೆಯೋಣ ಎಂದುಕೊಂಡೆ. ಹೇಳುವುದೇನು? ನಿಮ್ಮನ್ನು ತೆಗೆಯುತ್ತಿದ್ದೇನೆ ಅಂತಲೇ? ಸಾಹೇಬರು ಬಾಗಿಲಲ್ಲಿ ಇಣುಕಿ, ಮುಗಿಯಿತೇ ಎಂದರು. ಮುಗಿಯಿತು ಎಂದೆ, ಮುಗಿಸಿದೆ. ಅದೇ ಭರದಲ್ಲಿ ಹಳೆಯ ಸತ್ತ ಗುಂಪುಗಳನ್ನೂ ಕಿತ್ತೆಸೆದೆ. ‘ಕ್ರೀಡಾಕೂಟ’, ‘ಹಳೆ ಕಟ್ಟಡ’, ‘ಗ್ರಂಥಾಲಯ’. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಅಂಗಳ ಸಾರಿಸಿದ ಹಾಗಾಗಿತ್ತು.

ಆ ಸಂಜೆಯಿಂದ ನನ್ನ ಫೋನು ಮೇಲ್ ಬಂತೆಂದು ಒಂದು ಸಲವೂ ಕಿಣಿ ಎನ್ನಲಿಲ್ಲ. ಭಾನುವಾರವೂ ಇಲ್ಲ. ಸ್ವಚ್ಛ ಮಾಡಿದ್ದರ ಫಲ ಇಷ್ಟು ಬೇಗ ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ನಮ್ಮ ಯಜಮಾನರಿಗೆ ಹೊಸಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಯಾವ ಯಂತ್ರ ಸದ್ದು ಮಾಡದಿದ್ದರೂ ಅವರಿಗೆ ಅನುಮಾನ. ನೋಡಿ, ಕಚೇರಿಯಲ್ಲಿ ಎಷ್ಟು ಶಾಂತಿ ಎಂದು ಫೋನು ತೋರಿಸಿದೆ. “ಮೋಟಾರು ಸದ್ದು ಮಾಡ್ಲಿಲ್ಲಂದ್ರ ಒಂದೋ ಭಾಳ ಚಲೋ ಐತಿ, ಇಲ್ಲಾ ಸುಟ್ಟೈತಿ” ಎಂದರು.

ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನು ಎಂದಿನಂತೆ ಹೊಸಪೇಟೆಯ ನಮ್ಮ ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದೆ. ಒಬ್ಬಳೇ ಎನ್ನುವುದು ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಎದುರಿನ ಹೂವಿನಾಕೆ, ನಿಮ್ಮ ಬಸ್ಸು ಏಳಕ್ಕೇ ಹೋಯಿತಲ್ಲ, ಎಲ್ಲರೂ ಹತ್ತಿಕೊಂಡು ಹೋದರು ಎಂದಳು. ಎಲ್ಲರೂ! ಯಜಮಾನರಿಗೆ ಫೋನ್ ಮಾಡಿದೆ. ಗುತ್ತಿಗೆ ಕೆಲಸಗಾರರ ಬಸ್ಸು ಪಾಪಿನಾಯಕನಹಳ್ಳಿಯಿಂದ ಎಂಟಕ್ಕೆ ಹೊರಡುತ್ತದೆ, ಅದನ್ನಾದರೂ ಹಿಡಿಯೋಣ ಎಂದು ಬೈಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರು ನನ್ನ ಶಾಂತಿಯ ವಿಷಯ ಮಾತಾಡುತ್ತಲೇ ಇದ್ದರು. ಗಾಳಿಗೆ ಅರ್ಧ ಕೇಳಿಸಲಿಲ್ಲ, ಕೇಳಿಸಿದ ಅರ್ಧವೇ ಸಾಕಾಗಿತ್ತು.

ಪಾಪಿನಾಯಕನಹಳ್ಳಿಯ ಸ್ಟಾಪಿನಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ಮೂವತ್ತು ಜನ ಬುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗಣಿಯಲ್ಲಿ ಕಸ ಗುಡಿಸುವವರು, ಗಿಡಕ್ಕೆ ನೀರು ಹಾಕುವವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು. ನಡುವೆ ಕಟ್ಟೆಯ ಮೇಲೆ ಕೊಟ್ರಪ್ಪಣ್ಣ, ಫೋನನ್ನು ಪಂಚೆಯ ಅಂಚಿಗೆ ಉಜ್ಜುತ್ತ. ಇವರ ಬಸ್ಸೂ ಅರ್ಧ ಗಂಟೆ ಮೊದಲೇ ಹೋಗಿತ್ತು. ದಾರಿಯಲ್ಲಿ ಸೇತುವೆ ಕೆಲಸ ಶುರುವಾದ್ದರಿಂದ ಸೋಮವಾರದಿಂದ ಎಲ್ಲಾ ಬಸ್ಸುಗಳೂ ಅರ್ಧ ಗಂಟೆ ಮುಂಚೆ ಎಂದು ಶನಿವಾರ ಸಂಜೆ ‘ಎಲ್ಲರೂ’ಗೆ ಮೇಲ್ ಹೋಗಿತ್ತಂತೆ.

“ಬರ್ರಿ ಮೇಡಮ್ಮಾರ, ಕುಂದ್ರಿ” ಎಂದು ಕೊಟ್ರಪ್ಪಣ್ಣ ಜಾಗ ಮಾಡಿಕೊಟ್ಟರು. “ನಿಮಗೂ ತಪ್ಪಿತೇನ್ರಿ? ಶನಿವಾರ ಮಧ್ಯಾಹ್ನದಿಂದ ನನಗ ಒಂದೂ ಮೇಲ್ ಬಂದಿಲ್ರಿ. ಈ ಫೋನೇ ಕೆಟ್ಟೈತಿ. ಮೊಮ್ಮಗಳ ಕೈಗಿ ಕೊಟ್ಟು ಎರಡು ಸಲ ಆಫ್ ಮಾಡಿ ಆನ್ ಮಾಡ್ಸೀನಿ, ಆದ್ರೂ ಬರವಲ್ದು.”

ಅವರ ಮಡಿಲಲ್ಲಿ ವೇಬ್ರಿಡ್ಜಿನ ಹಳೆಯ ಚೀಟಿ ಪುಸ್ತಕವೊಂದಿತ್ತು. ಲಾರಿ ನಂಬರು ಬರೆಯುವ ಜಾಗದಲ್ಲಿ ಜನರ ಹೆಸರು, ತೂಕ ಬರೆಯುವ ಜಾಗದಲ್ಲಿ ಫೋನ್ ನಂಬರು. ನಂಬರು ಇಲ್ಲದವರ ಮುಂದೆ ಓಣಿಯ ಗುರುತು. ಕ್ಯಾಂಟೀನಿನಲ್ಲಿ ನನಗೆ ದಿನಾ ಕಾಣುವ ಹುಲಿಗೆವ್ವ ಪಕ್ಕದಲ್ಲೇ ಕೂತಿದ್ದಳು. ನಾನು ಪುಸ್ತಕ ನೋಡುತ್ತಿದ್ದುದನ್ನು ಕಂಡು ಆಕೆಯೇ ಹೇಳಿದಳು. ಗುತ್ತಿಗೆಯವರಿಗೆ ಕಂಪನಿಯ ಮೇಲ್ ಇಲ್ಲ. ಮೇಸ್ತ್ರಿ ಒಂದು ವಾಟ್ಸಾಪ್ ಗುಂಪು ಮಾಡಿದ್ದಾನೆ. ಅದರಲ್ಲಿ ಗುಲಾಬಿ ಹೂವು, ದೇವರ ಫೋಟೋ, ಶುಭೋದಯಗಳ ನಡುವೆ ಬಸ್ಸಿನ ಸುದ್ದಿ ಎರಡು ದಿನ ತಡವಾಗಿ ಬರುತ್ತದೆ, ಅದೂ ದೊಡ್ಡ ಫೋನ್ ಇದ್ದವರಿಗೆ. ಆದ್ದರಿಂದ ಮೂರು ವರ್ಷದಿಂದ ಕೊಟ್ರಪ್ಪಣ್ಣನೇ ಮೇಲ್ ನೋಡಿ, ಕೆಲವರಿಗೆ ಫೋನ್ ಮಾಡಿ, ಉಳಿದವರಿಗೆ ಸಂಜೆ ಮೂರು ಓಣಿ ತಿರುಗಿ ಹೇಳಿ ಬರುತ್ತಾರೆ. ಪ್ರತಿ ಬಾಗಿಲಲ್ಲೂ ಎರಡೆರಡು ಸಲ. “ಅಣ್ಣ ಓಣ್ಯಾಗ ಬಂದ್ರ ನಾಯಿ ಸೈತ ಬೊಗಳಂಗಿಲ್ರಿ. ಅದಕ್ಕೂ ಗೊತ್ತಾಗೈತಿ ಬಸ್ಸಿನ ಟೈಮ್” ಎಂದಳು. ಎಲ್ಲರೂ ನಕ್ಕರು. ನಗುವವರಿಗೆಲ್ಲ ಆ ದಿನದ ಹಾಜರಿ ಹೋಗಿತ್ತು.

ರಜೆ ಎಲ್ಲಾ ಶಿಫ್ಟಿಗೋ ಬರೀ ಆಫೀಸಿಗೋ ಎಂದು ಅವರು ಏಕೆ ಕೇಳುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಕೊಟ್ರಪ್ಪಣ್ಣ ಇನ್ನೂ ಫೋನು ಉಜ್ಜುತ್ತಲೇ ಇದ್ದರು. ಅದನ್ನು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ.

“ಫೋನು ಚಲೋ ಐತಿ ಕೊಟ್ರಪ್ಪಣ್ಣ. ನಾನೇ ನಿಮ್ಮ ಹೆಸರು ತೆಗೆದೀನಿ” ಎಂದೆ.

ಉಜ್ಜುವುದು ನಿಂತಿತು. “ತೆಗೀಬ್ಯಾಡ್ರಿ ಅಂತ ಬರದಿದ್ನೆಲ್ರಿ” ಎಂದರು. ಆಮೇಲೆ ಮರದ ಕೆಳಗೆ ಕೂತವರ ಕಡೆ ಕೈ ತೋರಿಸಿ, “ನಂದೇನೈತ್ರಿ ಮೇಡಮ್ಮಾರ, ನಾ ಎಲ್ಲಿಗೂ ಹೋಗಾಂವಲ್ಲ. ಇವ್ರು ಹೋಗಾರು” ಎಂದರು.

ಬೈದಿದ್ದರೆ ಒಳ್ಳೆಯದಿತ್ತು. ನಮ್ಮ ಯಜಮಾನರು, ಇಷ್ಟು ಹೊತ್ತೂ ಮಾತಾಡುತ್ತಿದ್ದವರು, ಬೈಕಿನ ಕನ್ನಡಿ ಒರೆಸತೊಡಗಿದರು. ಅದು ಕೊಳೆಯಾಗಿರಲಿಲ್ಲ.

ಹತ್ತು ಗಂಟೆಗೆ ಕಚೇರಿ ಮುಟ್ಟಿ ಸೀದಾ ಸಾಹೇಬರ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ. ಹೇಳುವಾಗ, ಆ ಹೆಸರನ್ನು ಮೂರು ವರ್ಷ ನಾನು ಕರುಣೆಯಿಂದ ಉಳಿಸಿಕೊಂಡಿದ್ದೆ ಎಂಬ ಮಾತೂ ಬಂತು. ಸಾಹೇಬರು ಕೇಳಿಸಿಕೊಂಡರು. ಹೊರಗಿನವರ ಹೆಸರು ‘ಎಲ್ಲರೂ’ ಪಟ್ಟಿಯಲ್ಲಿ ಇರುವ ಹಾಗಿಲ್ಲ, ಅದರಲ್ಲಿ ಕಂಪನಿಯ ಒಳಗಿನ ಸಂಗತಿಗಳೂ ಓಡಾಡುತ್ತವೆ ಎಂದರು. ಅದು ನಿಜವೇ. “ಆದರೆ ಬಸ್ಸಿನ ಸುದ್ದಿ ಬಸ್ಸು ಹತ್ತುವವರಿಗೇ ಮುಟ್ಟದಿದ್ದರೆ ನಾವು ಇಷ್ಟು ದಿನ ಕಳಿಸಿದ್ದು ಯಾರಿಗೆ ಮೇಡಂ?” ಎಂದು ಅವರೇ ಕೇಳಿದರು. ಬಸ್ಸು, ರಜೆ, ಗೇಟಿನ ಸುದ್ದಿಗೆ ಮಾತ್ರ ಬೇರೆಯೇ ಒಂದು ಪಟ್ಟಿ ಮಾಡಬಹುದು, ಅದಕ್ಕೆ ಹೊರಗಿನವರನ್ನು ಸೇರಿಸಲು ಒಂದು ಫಾರಂ ಇದೆ ಎಂದರು. ಫಾರಂ ತಂದೆ. ಹೆಸರು: ಕೊಟ್ರಪ್ಪ. ಹುದ್ದೆ ಎನ್ನುವಲ್ಲಿ ಪೆನ್ನು ನಿಂತಿತು. ನಿವೃತ್ತ ಎಂದು ಬರೆದರೆ ತೆಗೆದುಹಾಕಿ ಎಂದೇ ಅರ್ಥ. ಆಗ ಅತ್ತೆಯ ನೋಟುಬುಕ್ಕು ನೆನಪಾಯಿತು; ಅಲ್ಲಿ ಯಾರ ಮುಂದೆಯೂ ಹುದ್ದೆ ಇಲ್ಲ, ಮನೆ ಇದೆ. ‘ಬೇವಿನ ಮರದ ಸ್ಟಾಪ್, ಪಾಪಿನಾಯಕನಹಳ್ಳಿ’ ಎಂದು ಬರೆದೆ. ಸಾಹೇಬರು ಓದಿ, ಒಮ್ಮೆ ನನ್ನ ಮುಖ ನೋಡಿ, ಸಹಿ ಹಾಕಿದರು. ಮೂವತ್ತು ಜನರ ಹಾಜರಿಯನ್ನೂ ಕೊಡಿಸಿದರು. ಅದಕ್ಕೆ ಹಾಜರಿ ವಿಭಾಗದವರು, ತಪ್ಪು ಮೇಲ್ ವಿಭಾಗದ್ದು ಎಂದು ನನ್ನ ಕೈಯಲ್ಲಿ ಬರೆಸಿಕೊಂಡರು. ಆ ವಿಭಾಗವೂ ಎರಡನೆಯ ಮಹಡಿಯಲ್ಲೇ ಇದೆ. ಹತ್ತಿಕೊಂಡೇ ಹೋದೆ.

ಆ ಸಂಜೆ ಮನೆಯಲ್ಲಿ, ನನ್ನ ಕರುಣೆಯ ದಿನಾಂಕ ತಿಳಿಯೋಣವೆಂದು ಹಳೆಯ ದಿನಚರಿ ತೆಗೆದೆ. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ನಮ್ಮನ್ನು ಸ್ವಲ್ಪ ಎತ್ತರಕ್ಕೆ ಕೂರಿಸಿ ಫೋಟೋ ತೆಗೆಯುತ್ತದೆ. ಅದಕ್ಕೇ ಬರೆದಿಡುವ ಅಭ್ಯಾಸ. ಕೊಟ್ರಪ್ಪಣ್ಣ ನಿವೃತ್ತರಾದ ದಿನದ ಪುಟ ಸಿಕ್ಕಿತು. ನನ್ನದೇ ಅಕ್ಷರ. “ವೇಬ್ರಿಡ್ಜ್ ಕೊಟ್ರಪ್ಪಣ್ಣನ ಬೀಳ್ಕೊಡುಗೆ. ಮಿರ್ಚಿ ಬಜ್ಜಿ ಚೆನ್ನಾಗಿತ್ತು, ಮೂರು ತಿಂದೆ. ಪಟ್ಟಿಯಿಂದ ಅವರ ಹೆಸರು ತೆಗೆಯುವುದು: ನಾಳೆ.” ಮರುದಿನದ ಪುಟದಲ್ಲಿ ಹೊಟ್ಟೆನೋವಿನ ವಿಷಯ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಮೂರು ವರ್ಷದ ಪುಟಗಳಲ್ಲಿ ಕರುಣೆ ಎನ್ನುವ ಮಾತು ಎಲ್ಲೂ ಕಾಣಲಿಲ್ಲ. ಮೂವತ್ತು ಜನ ಇಷ್ಟು ದಿನ ಸರಿಯಾದ ಹೊತ್ತಿಗೆ ಬಸ್ಸು ಹತ್ತಿದ್ದು ನನ್ನ ದೊಡ್ಡ ಮನಸ್ಸಿನಿಂದಲ್ಲ, ಮೂರು ಮಿರ್ಚಿಯಿಂದ.

ಅದಾಗಿ ಹತ್ತು ದಿನ ಕಳೆದಿರಬೇಕು. ಸಂಜೆ ಅಕ್ಕಿ ಆರಿಸುತ್ತ ಕೂತಿದ್ದೆ. ಕೊಟ್ರಪ್ಪಣ್ಣನ ಫೋನು ಬಂತು.

“ಮೇಡಮ್ಮಾರ, ಸೇತುವೆ ಕೆಲಸ ಮುಗದೈತಿ. ನಾಳಿಯಿಂದ ನಿಮ್ಮ ಬಸ್ಸು ಮೊದಲಿನಂಗ ಏಳೂವರಿಗಿ. ಏಳೂವರಿಗಿ.”

ನನಗೆ ಈ ಸುದ್ದಿ ಗೊತ್ತಿರಲಿಲ್ಲ. ನೀವು ನನಗೇಕೆ ಫೋನ್ ಮಾಡಿದಿರಿ ಎಂದು ಕೇಳಿದೆ. ಅವರು ಸ್ವಲ್ಪ ಸಂಕೋಚದಿಂದ, “ಆವತ್ತು ಮರದ ಕೆಳಗ ಬಂದು ಕುಂತಿದ್ರೆಲ್ರಿ. ಮೇಲ್ ಇಲ್ದೋರು ಅಂತ ನನ್ನ ಪುಸ್ತಕದಾಗ ನಿಮ್ಮ ಹೆಸರೂ ಬರ್ಕೊಂಡೀನಿ” ಎಂದರು.

ನನಗೆ ಮೇಲ್ ಇಲ್ಲದಿರುವುದೆಂದರೇನು ಎಂದು ನಗುತ್ತ ಫೋನಿಟ್ಟೆ. ಅಕ್ಕಿಯ ಮೊರ ಕೈಯಲ್ಲಿ ಹಾಗೇ ನಿಂತಿತು. ಹತ್ತು ದಿನದಿಂದ ನನ್ನ ಫೋನು ಶಾಂತವಾಗಿಯೇ ಇತ್ತು. ಆ ಸೋಮವಾರ ಎಲ್ಲರಿಗೂ ಮುಟ್ಟಿದ ಬಸ್ಸಿನ ಸುದ್ದಿ ನನಗೇಕೆ ಮುಟ್ಟಲಿಲ್ಲ ಎಂದು, ಕೊಟ್ರಪ್ಪಣ್ಣನ ಗಡಿಬಿಡಿಯಲ್ಲಿ, ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಮರುದಿನ ಹೋಗಿ ನೋಡಿದೆ. ಕಂಪನಿಗೆ ಸೇರಿದಾಗ ನನ್ನನ್ನು ‘ಗ್ರಂಥಾಲಯ’ ಎಂಬ ಗುಂಪಿಗೆ ಹಾಕಿ, ಆ ಗುಂಪನ್ನು ‘ಎಲ್ಲರೂ’ಗೆ ಸೇರಿಸಿದ್ದರು. ಗ್ರಂಥಾಲಯ ಮುಚ್ಚಿದ ಮೇಲೆ ನಾನು ನನ್ನನ್ನು ಬೇರೆ ಕಡೆಗೆ ವರ್ಗಾಯಿಸಿಕೊಂಡಿದ್ದೆ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ನೆನಪಿತ್ತು ಅಷ್ಟೆ, ವರ್ಗಾಯಿಸಿಕೊಂಡಿರಲಿಲ್ಲ. ಯಾರೂ ಇಲ್ಲದ ಸತ್ತ ಗುಂಪು ಎಂದು ಶನಿವಾರ ಕಿತ್ತೆಸೆದೆನಲ್ಲ, ಅದರೊಳಗೆ ಒಬ್ಬಳು ಕೂತಿದ್ದಳು. ಅವಳೇ ಪಟ್ಟಿ ನೋಡಿಕೊಳ್ಳುವವಳು.

ಹೆಸರು ಸೇರಿಸುವುದಕ್ಕೆ ಅರ್ಧ ನಿಮಿಷ ಸಾಕು ಎಂದು ಮೊದಲೇ ಹೇಳಿದೆ. ನಾನು ಇನ್ನೂ ಸೇರಿಸಿಕೊಂಡಿಲ್ಲ. ಬಸ್ಸಿನ ಸುದ್ದಿ ಕೊಟ್ರಪ್ಪಣ್ಣ ಹೇಳುತ್ತಾರೆ, ಎರಡೆರಡು ಸಲ. ಜೊತೆಗೆ ನನ್ನ ಮೊಣಕಾಲು ನೋವು ಹೇಗಿದೆ ಎಂದೂ ಕೇಳುತ್ತಾರೆ, ಅದನ್ನು ‘ಎಲ್ಲರೂ’ ಯಾವತ್ತೂ ಕೇಳಿರಲಿಲ್ಲ. ಆ ದಿನದ ದಿನಚರಿಯಲ್ಲಿ ಮಾತ್ರ ನಿಯಮದಂತೆ ಬರೆದಿಟ್ಟಿದ್ದೇನೆ: “ಪಟ್ಟಿಗೆ ನನ್ನ ಹೆಸರು ಸೇರಿಸಿಕೊಳ್ಳುವುದು: ನಾಳೆ.” ಮೂರು ವರ್ಷದ ಮೇಲೆ ಯಾರಾದರೂ ಏಕೆ ಸೇರಿಸಿಕೊಳ್ಳಲಿಲ್ಲ ಎಂದು ಕೇಳಿದರೆ, ವೈರಾಗ್ಯದಿಂದ ಎಂದು ಹೇಳಬೇಕೆಂದಿದ್ದೇನೆ. ಅಷ್ಟರಲ್ಲಿ ನನಗೂ ಅದು ನಿಜವೆಂದೇ ನೆನಪಿರುತ್ತದೆ.